ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಭೌತಶಾಸ್ತ್ರದ ಅಂಕ ನೋಡಿ ಊಟ ಬಿಟ್ಟು ಮಲಗಿದೆಯಂತೆ. "ಮನೆಯಲ್ಲಿ ಎಲ್ಲ ಬರುತ್ತಿತ್ತು, ಹಾಲ್‌ನಲ್ಲಿ ಮರೆತುಹೋಯಿತು" ಅಂದೆಯೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಮರೆತದ್ದಲ್ಲ ಮಗಳೇ. ಒಂದೇ ಪಾಠವನ್ನು ನಾಲ್ಕನೇ ಸಲ ಓದುವಾಗ ಪ್ರತಿ ಸಾಲೂ ಪರಿಚಯದ್ದೇ ಅನಿಸುತ್ತದೆ. ಆ ಪರಿಚಯವನ್ನೇ "ಬರುತ್ತದೆ" ಅಂದುಕೊಂಡುಬಿಡುತ್ತೇವೆ. ಪಕ್ಕದ ಮನೆಯ ರಂಗೋಲಿಯನ್ನು ಗುರುತು ಹಿಡಿಯುವುದು ಬೇರೆ, ಚುಕ್ಕಿಯಿಟ್ಟು ನಾವೇ ಎಳೆಯುವುದು ಬೇರೆ. ಪರೀಕ್ಷೆ ಕೇಳುವುದು ಎರಡನೆಯದನ್ನು. ನೀನು ದಿನಾ ಅಭ್ಯಾಸ ಮಾಡುತ್ತಿರುವುದು ಮೊದಲನೆಯದನ್ನು.

ಇದು ನನ್ನ ಊಹೆಯಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಿಸಿ ಪರೀಕ್ಷಿಸಿದರು. ಒಮ್ಮೆ ಓದಿದ ಭಾಗವನ್ನೇ ಮತ್ತೆ ಓದುವುದು ಒಂದು ವಿಧ. ಓದಿದ್ದನ್ನು ನೋಡದೆ ನೆನಪಿನಿಂದ ಬರೆಯುವುದು ಇನ್ನೊಂದು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರಿಗೆ ಶೇ. 81ರಷ್ಟು ನೆನಪಿತ್ತು, ಬರೆದವರಿಗೆ ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಓದಿದವರು ಶೇ. 42ಕ್ಕೆ ಇಳಿದಿದ್ದರು, ಬರೆದವರು ಶೇ. 56ರಲ್ಲಿದ್ದರು. ನಮ್ಮನ್ನು ದಾರಿ ತಪ್ಪಿಸುವುದು ಆ ಐದು ನಿಮಿಷದ ಫಲಿತಾಂಶವೇ. ಪುಸ್ತಕ ಕೆಳಗಿಟ್ಟ ಕ್ಷಣದಲ್ಲಿ ಓದಿದ್ದೆಲ್ಲ ಗಟ್ಟಿಯಾಗಿ ಕಾಣುತ್ತದೆ. ಪರೀಕ್ಷೆ ಬರುವುದು ವಾರಗಳಾದ ಮೇಲೆ.

ಹಾಗಾಗಿ ಮೊದಲು ನಿನ್ನ ನೋಟ್ಸ್ ಬದಲಾಗಬೇಕು. ಲಾಂಗ್ ನೋಟ್‌ಬುಕ್ಕಿನ ಪುಟದಲ್ಲಿ ಎಡಗಡೆ ಎರಡೂವರೆ ಇಂಚು ಬಿಟ್ಟು ಒಂದು ಗೆರೆ ಎಳೆದುಕೋ. ಕೆಳಗೆ ಎರಡು ಇಂಚು ಖಾಲಿ ಬಿಡು. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ರೂಪಿಸಿದ ಕ್ರಮ ಇದು. ತರಗತಿಯಲ್ಲಿ ಬಲಗಡೆ ಮಾತ್ರ ಬರೆಯಬೇಕು. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅಚ್ಚಾಗಿರುವ ವ್ಯಾಖ್ಯೆಯನ್ನು ಮತ್ತೆ ಬರೆದುಕೊಳ್ಳುತ್ತ ಕೂರಬೇಡ. ಆ ಹೊತ್ತಿನಲ್ಲಿ ಮೇಷ್ಟ್ರು ಹೇಳುವ "ಇಲ್ಲಿ ಋಣ ಚಿಹ್ನೆ ಯಾಕೆ ಬಂತು" ಎಂಬ ಮಾತು ತಪ್ಪಿಹೋಗುತ್ತದೆ. ಅದು ಪುಸ್ತಕದಲ್ಲಿ ಸಿಗುವುದಿಲ್ಲ. ಬರೆಯಬೇಕಾದದ್ದು ಇಂಥವನ್ನು: ಹೆಜ್ಜೆಯಿಂದ ಹೆಜ್ಜೆಗೆ ಹೋದ ಕಾರಣ, ಬೋರ್ಡಿನ ಚಿತ್ರ, ಅವರು ಎಚ್ಚರಿಸಿದ ತಪ್ಪು. ಏನಾದರೂ ತಪ್ಪಿದರೆ ಮೂರು ಸಾಲು ಖಾಲಿ ಬಿಟ್ಟು ಮುಂದೆ ಹೋಗು, ಸಂಜೆ ಗೆಳತಿಯನ್ನು ಕೇಳಿ ತುಂಬಿಸು.

ಎಡಗಡೆಯ ಜಾಗ ಅದೇ ಸಂಜೆಗೆ. ಪ್ರತಿ ವಿಷಯಕ್ಕೆ ಹತ್ತರಿಂದ ಹದಿನೈದು ನಿಮಿಷ ಸಾಕು. ಅಲ್ಲಿ ತಲೆಬರಹ ಬರೆಯಬೇಡ, ಪ್ರಶ್ನೆ ಬರೆ. "ಡೈಎಲೆಕ್ಟ್ರಿಕ್" (ವಿದ್ಯುತ್ ಹರಿಯಲು ಬಿಡದ ವಸ್ತು) ಎಂದಷ್ಟೇ ಬರೆದರೆ ಕಣ್ಣು ಅದರ ಮೇಲೆ ಜಾರಿ ಮುಂದೆ ಹೋಗುತ್ತದೆ. ಹೀಗೆ ಬರೆ: "ಚಾರ್ಜ್ ಕೂಡಿಡುವ ಕೆಪಾಸಿಟರ್‌ನ ಫಲಕಗಳ ನಡುವೆ ಡೈಎಲೆಕ್ಟ್ರಿಕ್ ತುಂಬಿದಾಗ, ಬ್ಯಾಟರಿ ಜೋಡಿಸಿಯೇ ಇದ್ದರೆ ಏನು ಬದಲಾಗುತ್ತದೆ? ಮೊದಲೇ ತೆಗೆದಿದ್ದರೆ?" ಈಗ ಬಲಗಡೆ ಕೈ ಮುಚ್ಚಿ ಉತ್ತರ ಹೇಳಲೇಬೇಕು. ಬ್ಯಾಟರಿ ಇದ್ದರೆ ವೋಲ್ಟೇಜ್ ಹಾಗೇ ಇದ್ದು ಚಾರ್ಜ್ ಹೆಚ್ಚುತ್ತದೆ, ತೆಗೆದಿದ್ದರೆ ಚಾರ್ಜ್ ಹಾಗೇ ಇದ್ದು ವೋಲ್ಟೇಜ್ ಇಳಿಯುತ್ತದೆ. ಎರಡಕ್ಕೂ ಕಾರಣ ಹೇಳಲು ಬಂದರೆ ಆ ಭಾಗ ನಿನ್ನದಾಯಿತು. ಕೆಳಗಿನ ಎರಡು ಇಂಚಿನಲ್ಲಿ ಪುಟದ ಸಾರವನ್ನು ಎರಡು ಸಾಲಿನಲ್ಲಿ ಬರೆ, ಅದೂ ನೋಡದೆ.

ನೀನು ಎಸ್ಎಸ್ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅದಕ್ಕೆ ಕೀಳರಿಮೆ ಬೇಡ. ಎಡಗಡೆಯ ಪ್ರಶ್ನೆಗಳನ್ನು ಧೈರ್ಯವಾಗಿ ಕನ್ನಡದಲ್ಲೇ ಬರೆ. ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ವಿವರಿಸು, ಆಮೇಲೆ ಅದೇ ಉತ್ತರವನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಪುಸ್ತಕದ ಜೊತೆ ಹೋಲಿಸು. ಅರ್ಥವಾಗದ ಇಂಗ್ಲಿಷ್ ವಾಕ್ಯವನ್ನು ಉರು ಹೊಡೆದರೆ, ಮಧ್ಯದಲ್ಲಿ ಒಂದು ಪದ ಕೈಕೊಟ್ಟರೂ ಇಡೀ ಉತ್ತರ ನಿಂತುಹೋಗುತ್ತದೆ. ಅರ್ಥ ತಲೆಯಲ್ಲಿದ್ದರೆ ಮುರುಕು ಇಂಗ್ಲಿಷಿನಲ್ಲಾದರೂ ದಾಟಿಸಬಹುದು.

ಒಂದು ಸಲ ನೆನಪಿಸಿಕೊಂಡರೆ ಮುಗಿಯಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಪಾಠದ ಹೆಸರನ್ನು ನಾಲ್ಕು ಕಡೆ ಬರೆ: ಇಂದು, ಎರಡು ದಿನ ಬಿಟ್ಟು, ಒಂದು ವಾರ ಬಿಟ್ಟು, ಒಂದು ತಿಂಗಳು ಬಿಟ್ಟು. ಆಯಾ ದಿನ ಎಡಗಡೆಯ ಪ್ರಶ್ನೆಗಳಿಗೆ ಮಾತ್ರ ಉತ್ತರಿಸಬೇಕು. ಬಾರದ ಪ್ರಶ್ನೆಗೆ ಚುಕ್ಕಿ ಇಟ್ಟು, ಮುಂದಿನ ಸಲ ಚುಕ್ಕಿಯವುಗಳಿಂದಲೇ ಶುರು ಮಾಡು. ವಾರದ ನಂತರ ಅರ್ಧ ಮರೆತಂತೆ ಅನಿಸುತ್ತದೆ. ಹೆದರಿ ಪುಸ್ತಕ ತೆರೆಯಬೇಡ. ಎರಡು ನಿಮಿಷ ತಿಣುಕಾಡಿ, ಆಮೇಲೆ ನೋಡು. ಆ ತಿಣುಕಾಟದಲ್ಲೇ ನೆನಪು ಗಟ್ಟಿಯಾಗುವುದು.

ಗಣಿತಕ್ಕೆ ಇನ್ನೊಂದು ಮಾತು ಸೇರಿಸಬೇಕು. ಇಂಟಿಗ್ರಲ್ಸ್ ಪಾಠದ ಅಭ್ಯಾಸ 7.2ರಲ್ಲಿ ಎಲ್ಲ ಲೆಕ್ಕವೂ ಸಬ್‌ಸ್ಟಿಟ್ಯೂಷನ್ ಎಂಬ ವಿಧಾನದ್ದು, 7.5ರಲ್ಲಿ ಪಾರ್ಷಿಯಲ್ ಫ್ರಾಕ್ಷನ್, 7.6ರಲ್ಲಿ ಬೈ ಪಾರ್ಟ್ಸ್. 7.6 ಮಾಡುವಾಗ ಯಾವ ವಿಧಾನ ಎಂದು ಯೋಚಿಸುವ ಕೆಲಸವೇ ಇಲ್ಲ, ಅಭ್ಯಾಸದ ಸಂಖ್ಯೆಯೇ ಹೇಳಿಕೊಟ್ಟಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಆ ಸಂಖ್ಯೆ ಇರುವುದಿಲ್ಲ. ಆದ್ದರಿಂದ ಒಂದೊಂದನ್ನೂ ಮೊದಲ ಸಲ ಕಲಿತ ಮೇಲೆ, ಮೂರರಿಂದಲೂ ಮೂರು ಮೂರು ಲೆಕ್ಕ ಚೀಟಿಯಲ್ಲಿ ಬರೆದು ಕಲಸಿ ಎತ್ತು. ಎತ್ತಿದ ಕೂಡಲೇ ಬಿಡಿಸಬೇಡ. "ಇದಕ್ಕೆ ಯಾವ ವಿಧಾನ, ಯಾಕೆ" ಎಂದು ಒಂದು ಸಾಲು ಬರೆ. ಹೀಗೆ ಮಾಡಿದಾಗ ಮೊದಮೊದಲು ತಪ್ಪು ಹೆಚ್ಚುತ್ತದೆ. ಅದು ಸಹಜ, ಕ್ರಮ ಬಿಡಬೇಡ.

ಈಗ ತಪ್ಪಿನ ಪುಸ್ತಕ. ಇದಕ್ಕೆ ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಟೆಸ್ಟ್ ಆದಮೇಲೆ ಕಳೆದ ಅಂಕಗಳನ್ನೆಲ್ಲ ಸಿಲ್ಲಿ ಮಿಸ್ಟೇಕ್ ಎಂದು ಒಂದೇ ಗಂಟಿಗೆ ಕಟ್ಟಬೇಡ. ಕಾರಣ ಬೇರೆ ಬೇರೆ ಇರುತ್ತದೆ, ಸರಿಪಡಿಸುವ ದಾರಿಯೂ ಬೇರೆ. ವಿಷಯವೇ ಗೊತ್ತಿರಲಿಲ್ಲ ಎಂದಾದರೆ ಪಾಠಕ್ಕೆ ಹಿಂತಿರುಗಬೇಕು. ಗೊತ್ತಿದ್ದೂ ಹೊಳೆಯಲಿಲ್ಲವಾದರೆ ಮತ್ತೆ ಓದಿ ಪ್ರಯೋಜನವಿಲ್ಲ, ಕ್ಯಾಲೆಂಡರಿನ ಸರದಿ ಹೆಚ್ಚಿಸಬೇಕು. ಪ್ರಶ್ನೆ ತಪ್ಪಾಗಿ ಓದಿದ್ದರೆ, "ಸರಿಯಲ್ಲದ ಹೇಳಿಕೆ ಯಾವುದು" ಎಂಬಲ್ಲಿನ "ಅಲ್ಲ" ಕಣ್ಣಿಗೆ ಬೀಳದಿದ್ದರೆ, ಇನ್ನು ಮುಂದೆ ಅಂಥ ಪದದ ಕೆಳಗೆ ಗೆರೆ ಎಳೆದೇ ಉತ್ತರಕ್ಕೆ ಕೈಹಾಕಬೇಕು. ಲೆಕ್ಕ ಹಾಕುವಾಗಿನ ತಪ್ಪು ಸಾಮಾನ್ಯವಾಗಿ ಒಂದೆರಡು ಕಡೆ ಗುಂಪುಗೂಡಿರುತ್ತದೆ: ಸೆಂಟಿಮೀಟರನ್ನು ಮೀಟರಿಗೆ ಬದಲಿಸದೇ ಇರುವುದು, ವ್ಯಾಸ ಕೊಟ್ಟಾಗ ತ್ರಿಜ್ಯವೆಂದುಕೊಳ್ಳುವುದು, ಹತ್ತರ ಘಾತದ ಚಿಹ್ನೆ. ನಿನ್ನದು ಯಾವುದೆಂದು ಮೂರು ಟೆಸ್ಟ್ ಆದಮೇಲೆ ಪುಸ್ತಕವೇ ಹೇಳುತ್ತದೆ.

ಬೋರ್ಡ್ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ಬರವಣಿಗೆಯ ಅಂಕ 70. ಮೂರು ಗಂಟೆಯಲ್ಲಿ ಹತ್ತು ನಿಮಿಷ ಕೊನೆಯ ಪರಿಶೀಲನೆಗೆ ತೆಗೆದಿಟ್ಟರೆ, ಅಂಕವೊಂದಕ್ಕೆ ಎರಡೂವರೆ ನಿಮಿಷಕ್ಕಿಂತ ತುಸು ಕಡಿಮೆ. ಐದು ಅಂಕದ ಪ್ರಶ್ನೆ ಹನ್ನೆರಡು ನಿಮಿಷ ದಾಟಿದರೆ ಅರ್ಧ ಪುಟ ಖಾಲಿ ಬಿಟ್ಟು ಮುಂದೆ ನಡೆ. ಲೆಕ್ಕಗಳಲ್ಲಿ ಸೂತ್ರ, ಬೆಲೆ ಹಾಕುವಿಕೆ, ಉತ್ತರ, ಏಕಮಾನ ಎಂದು ಅಂಕ ಹಂಚಿರುತ್ತದೆ. ಉತ್ತರ ಬಾರದಿದ್ದರೂ ಸೂತ್ರ ಬರೆದು ಬೆಲೆ ಹಾಕು, ಬಂದರೆ ಏಕಮಾನ ಬಿಡಬೇಡ.

ಸಿಇಟಿಯ ಲೆಕ್ಕಾಚಾರವೇ ಬೇರೆ. ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ಮೊದಲ ಸುತ್ತಿನಲ್ಲಿ ಒಂದು ನಿಮಿಷದೊಳಗೆ ದಾರಿ ಕಾಣುವ ಪ್ರಶ್ನೆಗಳನ್ನಷ್ಟೇ ಮಾಡು, ಉಳಿದವಕ್ಕೆ ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕು. ಐವತ್ತು ನಿಮಿಷದ ಹೊತ್ತಿಗೆ ಆ ಸುತ್ತು ಮುಗಿಯಬೇಕು. ಒಎಂಆರ್ ಹಾಳೆಯಲ್ಲಿ ಎಲ್ಲವನ್ನೂ ಕೊನೆಗೆ ತುಂಬುತ್ತೇನೆ ಎಂದುಕೊಳ್ಳಬೇಡ. ಬಿಟ್ಟುಹೋದ ಒಂದು ಪ್ರಶ್ನೆಯ ಜಾಗಕ್ಕೆ ಮುಂದಿನದರ ಉತ್ತರ ತುಂಬಿದರೆ, ಅಲ್ಲಿಂದಾಚೆಗೆ ಎಲ್ಲ ಒಂದು ಸಾಲು ಜಾರುತ್ತದೆ. ಒಂದೊಂದು ಉತ್ತರವನ್ನೂ ಆಗಲೇ, ಪ್ರಶ್ನೆಯ ಸಂಖ್ಯೆ ಮನಸ್ಸಿನಲ್ಲೇ ಹೇಳಿಕೊಂಡು ತುಂಬು. ವರ್ಷನ್ ಕೋಡ್ ಎರಡು ಸಲ ನೋಡು. ಕೊನೆಯ ಐದು ನಿಮಿಷದಲ್ಲಿ ಯಾವ ಪ್ರಶ್ನೆಯೂ ಖಾಲಿ ಉಳಿಯಬಾರದು.

ನೀಟ್ ಬರೆಯುವುದಾದರೆ ಇದೇ ಕ್ರಮ ಹಿಡಿಯಬೇಡ. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಿ ಊಹಿಸಿದರೆ ಸರಾಸರಿ ಒಂದೂವರೆ ಅಂಕದ ಲಾಭ, ಹಾಗೆ ಗುರುತು ಹಾಕುವುದು ಸರಿ. ಏನೂ ತಿಳಿಯದೆ ಊಹಿಸಿದರೆ ಸರಾಸರಿ ಲಾಭ ಕಾಲು ಅಂಕ ಮಾತ್ರ, ಅದೃಷ್ಟ ಕೆಟ್ಟರೆ ಹತ್ತು ಪ್ರಶ್ನೆಗೆ ಹತ್ತು ಅಂಕ ಹೋಗುತ್ತದೆ. ಅಂಥವನ್ನು ಬಿಟ್ಟುಬಿಡು ಎಂದೇ ನನ್ನ ಸಲಹೆ.

ರಾತ್ರಿ ಎರಡರವರೆಗೆ ಕೂರುವುದನ್ನು ಇಂದೇ ನಿಲ್ಲಿಸು. ಓದಿದ್ದು ನೆಲೆಗೊಳ್ಳುವುದಕ್ಕೂ ನಿದ್ದೆ ಬೇಕು. ಓದುವ ಹೊತ್ತಿನಲ್ಲಿ ಫೋನ್ ಅಮ್ಮನ ಕೋಣೆಯಲ್ಲಿರಲಿ.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡ. ಈ ವಾರ ಭೌತಶಾಸ್ತ್ರದ ಕೆಪಾಸಿಟರ್ ಪಾಠವೊಂದಕ್ಕೇ ಎಡಗಡೆಯ ಪ್ರಶ್ನೆಗಳನ್ನು ಬರೆ. ಭಾನುವಾರ ಪುಸ್ತಕ ಮುಚ್ಚಿ ಬಿಳಿ ಹಾಳೆಯಲ್ಲಿ ಉತ್ತರಿಸಿ, ತಿದ್ದದೆ ಹಾಗೇ ಫೋಟೊ ತೆಗೆದು ಕಳಿಸು. ಎಷ್ಟು ಸರಿ ಬಂತು ಎನ್ನುವುದಕ್ಕಿಂತ ಎಲ್ಲೆಲ್ಲಿ ಕೈ ನಿಂತಿತು ಎಂದು ನನಗೆ ನೋಡಬೇಕಿದೆ. ಬುಧವಾರ ಸಂಜೆ ಫೋನ್ ಮಾಡುತ್ತೇನೆ, ಕೂತು ಮಾತಾಡೋಣ.

ಇಂತಿ ನಿನ್ನ
ದೊಡ್ಡಮ್ಮ