ಅಪ್ಪನ ಕೈಯಲ್ಲಿ ಒಂದು, ಅಮ್ಮನ ಕೈಯಲ್ಲಿ ಒಂದು

ಮೊನ್ನೆ ಶನಿವಾರ ಅಪ್ಪ ಊರಿನ ದೇವಸ್ಥಾನದ ತಾಳಮದ್ದಳೆಗೆ ಹೋಗಿ ಬಂದರು. ಅರ್ಥ ಹೇಳಲಿಲ್ಲ, ಕುರ್ಚಿಯಲ್ಲಿ ಕೂತು ಕೇಳಿದರು ಅಷ್ಟೇ. ಆದರೆ ಜೀಪಿನಿಂದ ಇಳಿದು ಒಳಗಿನ ತನಕ ಊರುಗೋಲು ಹಿಡಿದು ತಾವೇ ನಡೆದರು. ಭಾಗವತರು ಪದ ಶುರು ಮಾಡುವಾಗ ಅವರ ಬೆರಳು ಕೋಲಿನ ಮೇಲೆ ತಾಳ ಹಾಕುತ್ತಿತ್ತು. ನೋಡಿ ನನಗೆ ಕಣ್ಣು ತುಂಬಿತು. ಈ ಹತ್ತು ತಿಂಗಳಲ್ಲಿ ನಮಗೆ ನೆರವಾದವರಿಗೆಲ್ಲ ಒಂದು ಮಾತು ಹೇಳಬೇಕು ಅಂತ ಅಲ್ಲೇ ಅನಿಸಿತು.

ನಮ್ಮ ಮನೆ ಕಾಸರಗೋಡಿನ ಪೆರ್ಲದ ಕಡೆ, ಗುಡ್ಡದ ಬುಡದಲ್ಲಿ. ಕಳೆದ ಜುಲೈಯಲ್ಲಿ ಅಡಿಕೆಗೆ ಮದ್ದು ಬಿಡುವ ದಿನ. ಮಳೆ ಸ್ವಲ್ಪ ಬಿಟ್ಟಿತ್ತು. ಮೈಲುತುತ್ತು ಕರಗಿಸಿಟ್ಟ ಡ್ರಮ್ಮಿನ ಹತ್ತಿರ ಹೋಗಲು ಅಪ್ಪ ತೋಡಿನ ಸಂಕ ದಾಟುತ್ತಿದ್ದರು. ಅಡಿಕೆಮರದ ಸಂಕ, ಪಾಚಿ ಹಿಡಿದಿತ್ತು. ಜಾರಿದರು. ಸೊಂಟದ ಮೂಳೆ ಮುರಿಯಿತು. ವಯಸ್ಸು 74. ಮದ್ದು ಬಿಡಲು ಬಂದಿದ್ದ ನಾಲ್ಕು ಜನ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಆ ಕೆಸರಿನ ದಾರಿಯಲ್ಲಿ ರಸ್ತೆಯ ತನಕ ಹೊತ್ತು ತಂದರು. ಒಂದು ಸಲವೂ ಕುರ್ಚಿ ಕೆಳಗಿಡಲಿಲ್ಲ. ಮೊದಲ ನಮಸ್ಕಾರ ಅವರಿಗೆ.

ಮಂಗಳೂರಿನಲ್ಲಿ ಆಪರೇಷನ್ ಆಯಿತು, ಹನ್ನೆರಡು ದಿನ ಬಿಟ್ಟು ಮನೆಗೆ ಬಂದೆವು. ಹಗಲು ಹೇಗೋ ಕಳೆಯುತ್ತಿತ್ತು. ಕಷ್ಟ ಇದ್ದದ್ದು ರಾತ್ರಿ. ಅಪ್ಪನ ಮಂಚ ಚಾವಡಿಯಲ್ಲಿ. ಅಮ್ಮ ಮಲಗುವುದು ಒಳಕೋಣೆಯಲ್ಲಿ. ಅಮ್ಮನಿಗೆ ಕಿವಿ ಕೇಳುವುದು ತುಂಬ ಕಡಿಮೆ. ರಾತ್ರಿ ಶ್ರವಣಯಂತ್ರ ತೆಗೆದಿಟ್ಟರೆ ಏನೂ ಕೇಳುವುದಿಲ್ಲ. ಅಪ್ಪ ಎಷ್ಟು ಕೂಗಿದರೂ ಪ್ರಯೋಜನ ಇಲ್ಲ. ಕಾಲಿಂಗ್ ಬೆಲ್ ತಂದರೂ ಅದೇ ಕಥೆ. ಫೋನ್ ಅಂದರೆ ನಮ್ಮಲ್ಲಿ ಅಂಗಳದ ಮೂಲೆಗೆ ಹೋಗದೆ ಸಿಗ್ನಲ್ ಸಿಗುವುದಿಲ್ಲ. ನಾನು ಬದಿಯಡ್ಕದಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುವವಳು, ವಾರಕ್ಕೆ ಮೂರು ರಾತ್ರಿ ಮಾತ್ರ ಮನೆಯಲ್ಲಿ ಇರುತ್ತಿದ್ದೆ. ಉಳಿದ ನಾಲ್ಕು ರಾತ್ರಿ ನನಗೂ ನಿದ್ರೆ ಇಲ್ಲ.

ಒಂದು ದಿನ ಅಕ್ಕನ ಮಗ ಬಂದ. ಪಾಲಿಟೆಕ್ನಿಕ್‌ನಲ್ಲಿ ಓದುವವನು. ಅವನ ಕೈಯಲ್ಲಿ ಒಂದು ವಾಚು ಇತ್ತು. ನೋಡಲು ಸಾಧಾರಣ, ಒಂದೇ ಬಟನ್. ಬ್ಯಾಂಗಲ್.ಜೆಎಸ್ 2 ಅಂತ ಹೆಸರು. "ಚಿಕ್ಕಮ್ಮ, ಇದಕ್ಕೆ ನಾವು ಏನು ಬರೆದರೂ ಅದು ಮಾಡ್ತದೆ" ಅಂದ. ನನಗೆ ಆ ಮಾತು ಅರ್ಥ ಆಗಲಿಲ್ಲ. ಅವನು ಲ್ಯಾಪ್‌ಟಾಪಿನಲ್ಲಿ ಕ್ರೋಮ್ ತೆರೆದು, ಬ್ಲೂಟೂತ್‌ನಲ್ಲಿ ವಾಚನ್ನು ಜೋಡಿಸಿ, ಒಂದೇ ಸಾಲು ಟೈಪ್ ಮಾಡಿದ. ನನ್ನ ಕೈಯಲ್ಲಿದ್ದ ವಾಚು ಗುರ್ ಅಂತ ನಡುಗಿತು. ಕಿವಿಗೆ ಕೇಳದಿದ್ದರೆ ಏನಂತೆ, ಕೈಗೆ ಗೊತ್ತಾಗುತ್ತದಲ್ವಾ ಅಂತ ನನಗೆ ಆಗಲೇ ಹೊಳೆಯಿತು.

ಈ ವಾಚಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದರೊಳಗೆ ಓಡುವುದು ಎಸ್ಪ್ರುಯಿನೋ, ಅಂದರೆ ಚಿಕ್ಕ ಚಿಪ್ಪಿನ ಮೇಲೆ ಜಾವಾಸ್ಕ್ರಿಪ್ಟ್ ಭಾಷೆಯ ಕೋಡ್ ಓಡಿಸುವ ತಂತ್ರಾಂಶ. ಬ್ರಿಟನ್ನಿನ ಗಾರ್ಡನ್ ವಿಲಿಯಮ್ಸ್ ಅದನ್ನು ಮಾಡಿದವರು. 2013ರಲ್ಲಿ ಜನರಿಂದ ಹಣ ಸೇರಿಸಿ ಮೊದಲ ಬೋರ್ಡು ತಂದರು. 2019ರಲ್ಲಿ ಮೊದಲ ವಾಚು, 2021ರಲ್ಲಿ ಎರಡನೆಯದು. ಒಳಗಿನ ಕೋಡ್ ಎಲ್ಲ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಜಗತ್ತಿನ ಎಷ್ಟೋ ಜನ ಆ್ಯಪ್ ಬರೆದು ಸುಮ್ನೆ ಕೊಟ್ಟಿದ್ದಾರೆ. ಅವರ ಕೋಡ್ ಓದಿ ಓದಿಯೇ ನಾವು ನಮ್ಮದು ಬರೆದದ್ದು. ಗಾರ್ಡನ್ ಅವರಿಗೆ, ಹೆಸರು ಗೊತ್ತಿಲ್ಲದ ಆ ಎಲ್ಲರಿಗೆ, ಪೆರ್ಲದ ಒಂದು ಮನೆಯಿಂದ ದೊಡ್ಡ ಧನ್ಯವಾದ.

ಎರಡನೆಯ ವಾಚು ಇಂಗ್ಲೆಂಡಿನಲ್ಲಿರುವ ಭಾವ ಊರಿಗೆ ಬರುವಾಗ ತಂದುಕೊಟ್ಟರು. ದುಡ್ಡು ಎಷ್ಟು ಕೇಳಿದರೂ ಹೇಳಲಿಲ್ಲ.

ಉಪಾಯ ಸರಳ. ಅಪ್ಪ ಬಟನ್ ಒತ್ತಿದರೆ ಅವರ ವಾಚು ಬ್ಲೂಟೂತ್‌ನಲ್ಲಿ ಒಂದು ಗುರುತನ್ನು ಮತ್ತೆ ಮತ್ತೆ ಹೊರಗೆ ಬಿಡುತ್ತದೆ. ಅಮ್ಮನ ವಾಚು ಆ ಗುರುತನ್ನೇ ಹುಡುಕುತ್ತಾ ಇರುತ್ತದೆ. ಸಿಕ್ಕಿದ ತಕ್ಷಣ ನಡುಗುತ್ತದೆ. ನಡುವೆ ಫೋನ್ ಬೇಡ, ಇಂಟರ್‌ನೆಟ್ ಬೇಡ, ಕರೆಂಟ್ ಹೋದರೂ ತೊಂದರೆ ಇಲ್ಲ. ನಮ್ಮ ಕಡೆಯ ಮಳೆಗಾಲ ಕಂಡವರಿಗೆ ಈ ಕೊನೆಯ ಮಾತಿನ ಬೆಲೆ ಗೊತ್ತು.

ಉಪಾಯ ಸರಳ ಆದರೂ ಮನೆಯೊಳಗೆ ಅದು ಸರಿಯಾಗಿ ನಡೆಯಲು ಒಂದೂವರೆ ತಿಂಗಳು ಬೇಕಾಯಿತು. ಮೊದಲ ಎರಡು ದಿನ ಹೊಸ ವಾಚು ಲ್ಯಾಪ್‌ಟಾಪಿಗೆ ಕಾಣಿಸಲೇ ಇಲ್ಲ. ಹಾಳಾಗಿಯೇ ಬಂದಿದೆಯೋ ಅಂತ ಹೆದರಿದೆವು. ನೋಡಿದರೆ ನನ್ನ ಫೋನಿನಲ್ಲಿದ್ದ, ವಾಚನ್ನು ಫೋನಿಗೆ ಜೋಡಿಸುವ ಗ್ಯಾಜೆಟ್‌ಬ್ರಿಜ್ ಆ್ಯಪ್ ಅದನ್ನು ಮೊದಲೇ ಹಿಡಿದುಕೊಂಡಿತ್ತು. ಒಂದಕ್ಕೆ ಜೋಡಿಸಿದ ವಾಚು ಇನ್ನೊಂದಕ್ಕೆ ಕಾಣುವುದಿಲ್ಲ. ಫೋನಿನ ಬ್ಲೂಟೂತ್ ಆಫ್ ಮಾಡಿದ್ದೇ ತಡ, ಪಟ್ಟಿಯಲ್ಲಿ ಹೆಸರು ಬಂತು. ಹೊಸದಾಗಿ ಈ ವಾಚು ತಗೊಂಡವರು ಇದೊಂದನ್ನು ನೆನಪಿಡಿ.

ಆಮೇಲೆ ಗೋಡೆ. ನಮ್ಮದು ಕೆಂಪುಕಲ್ಲಿನ ದಪ್ಪ ಗೋಡೆ, ಚಾವಡಿಗೂ ಒಳಕೋಣೆಗೂ ನಡುವೆ ಎರಡು ಉಂಟು. ಕರೆ ಒಮ್ಮೆ ಮುಟ್ಟಿದರೆ ಇನ್ನೊಮ್ಮೆ ಮುಟ್ಟುತ್ತಿರಲಿಲ್ಲ. ವಾಚಿನ ರೇಡಿಯೋ ಶಕ್ತಿಯ ಸೆಟ್ಟಿಂಗನ್ನು ಸೊನ್ನೆಯಿಂದ 4ಕ್ಕೆ ಏರಿಸಿದೆವು, ಅಪ್ಪನ ಮಂಚವನ್ನು ಬಾಗಿಲಿನ ನೇರಕ್ಕೆ ಎಳೆದೆವು. ಸರಿಯಾಯಿತು. ನಡುಗಿದ್ದು ಅಮ್ಮನಿಗೆ ಗೊತ್ತಾಗದ್ದು ಇನ್ನೊಂದು ತೊಂದರೆ. ಬಳೆಗಳ ಹಿಂದೆ ವಾಚು ಸಡಿಲವಾಗಿ ಕೂತಿತ್ತು. ಬ್ಯಾಂಗಲ್ ಅಂದರೆ ಬಳೆಯೇ ಅಂತ ಹೇಳಿದಾಗ ಅಮ್ಮ ನಕ್ಕು, ಎಡಗೈಯ ಬಳೆ ತೆಗೆದು ಬಲಗೈಗೆ ಹಾಕಿಕೊಂಡರು. ಅಮ್ಮ ಬಟನ್ ಒತ್ತುವ ತನಕ ಬಿಟ್ಟು ಬಿಟ್ಟು ನಡುಗುವ ಹಾಗೆ ಕೋಡನ್ನೂ ತಿದ್ದಿದೆವು.

ಆ ಒಂದು ರಾತ್ರಿ ಮಾತ್ರ ನಾನು ಮರೆಯಲಾರೆ. ಎಲ್ಲ ಸರಿ ಇದೆ ಅಂತ ನಂಬಿ ನಾನು ಬದಿಯಡ್ಕದಲ್ಲೇ ಉಳಿದಿದ್ದೆ. ಎರಡು ಗಂಟೆಗೆ ಅಪ್ಪ ಕರೆದಿದ್ದಾರೆ. ಅಮ್ಮನ ವಾಚು ನಡುಗಲೇ ಇಲ್ಲ. ಐದಕ್ಕೆ ಅಮ್ಮ ಎದ್ದು ಹೋಗುವ ತನಕ ಅಪ್ಪ ಹಾಗೇ ಮಲಗಿದ್ದರು. ಎಷ್ಟು ಸಲ ಒತ್ತಿದಿರಿ ಅಂತ ಕೇಳಿದೆ. ಅವರು ಹೇಳಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಕಾರಣ ಸಣ್ಣದು. ಮಲಗುವ ಮೊದಲು ಅಮ್ಮ ಬಟನ್ ಜಾಸ್ತಿ ಹೊತ್ತು ಹಿಡಿದಿದ್ದರು. ಹಾಗೆ ಮಾಡಿದರೆ ವಾಚು ಗಂಟೆ ತೋರಿಸುವ ಪರದೆಗೆ ಹೋಗುತ್ತದೆ. ಆ ಹೊತ್ತಿಗೆ ಓಡುತ್ತಿದ್ದ ಆ್ಯಪ್ ನೆನಪಿನಿಂದ ಪೂರ್ತಿ ಅಳಿದು ಹೋಗುತ್ತದೆ. ನಮ್ಮ ಕೋಡ್ ಒಂದು ಆ್ಯಪ್ ಆಗಿ ಕೂತಿತ್ತಲ್ಲ, ಅದೂ ಹೋಗಿತ್ತು. ವಾಚು ಏನನ್ನು ತೆರೆದರೂ ಮೊದಲು ಓಡುವ ಬೂಟ್ ಫೈಲ್ ಅಂತ ಒಂದು ಉಂಟು. ಕೋಡನ್ನು ಅಲ್ಲಿಗೆ ಹಾಕಬೇಕಿತ್ತು. ಮೈಸೂರಿನ ಒಬ್ಬರು ಇಂಜಿನಿಯರ್ ಫೋನಿನಲ್ಲಿ ಒಂದು ಗಂಟೆ ಕೂತು, ನಾನು ಒಂದೊಂದೇ ಸಾಲು ಓದಿ ಹೇಳಿದ್ದನ್ನು ಕೇಳಿ, ಇದನ್ನು ಹಿಡಿದುಕೊಟ್ಟರು. ಅವರನ್ನು ನಾನು ಇವತ್ತಿನವರೆಗೂ ಮುಖತಃ ಕಂಡಿಲ್ಲ. ಸರ್, ಆ ದಿನದ ನಂತರ ಒಂದೇ ಒಂದು ಕರೆ ತಪ್ಪಲಿಲ್ಲ.

ಬ್ಯಾಟರಿಯ ಲೆಕ್ಕ ನಾನೇ ಮಾಡಿದೆ. ಸುಮ್ಮನೆ ಗಂಟೆ ತೋರಿಸಿಕೊಂಡಿದ್ದರೆ ಈ ವಾಚು ವಾರಗಟ್ಟಲೆ ಬಾಳುತ್ತದೆ. ಬಿಡದೆ ಹುಡುಕುತ್ತಾ ಇದ್ದರೆ ಸುಮಾರು 12 ಮಿಲಿಆಂಪಿಯರ್ ಎಳೆಯುತ್ತದೆ, ಒಂದು ದಿನವೂ ಬರುವುದಿಲ್ಲ. ಅದಕ್ಕೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಐದೂವರೆ ತನಕ ಮಾತ್ರ ಹುಡುಕುವ ಹಾಗೆ ಮಾಡಿ, ಬೆಳಿಗ್ಗೆ ಕಾಫಿಯ ಹೊತ್ತಿಗೆ ಚಾರ್ಜಿಗೆ ಇಡುವ ಕ್ರಮ ಮಾಡಿದೆವು. ಚಾರ್ಜ್ ಆಗದಿದ್ದರೆ ಹಿಂದಿನ ಲೋಹದ ಚುಕ್ಕೆಗಳನ್ನು ಒರೆಸಬೇಕು. ಅಪ್ಪನ ಕಾಲಿಗೆ ತೆಂಗಿನೆಣ್ಣೆ ತಿಕ್ಕಿದ ಕೈ ಅಮ್ಮನದು, ಎಣ್ಣೆ ಅಲ್ಲಿಗೂ ಹೋಗುತ್ತಿತ್ತು.

ಈಗ ನನಗೆ ತುಂಬ ಇಷ್ಟದ ಸಂಗತಿ. ಕರೆದ ಮೇಲೆ ಅಮ್ಮ ಎದ್ದರೋ ಇಲ್ಲವೋ ಅಂತ ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಅಮ್ಮ ಬಟನ್ ಒತ್ತಿದ ಕೂಡಲೇ ಅಪ್ಪನ ವಾಚಿನಲ್ಲಿ "ಬಂದೆ" ಅಂತ ಕಾಣಬೇಕು ಅಂದುಕೊಂಡೆವು. ಆದರೆ ವಾಚಿನೊಳಗೆ ಕನ್ನಡ ಅಕ್ಷರವೇ ಇಲ್ಲ. ಅಕ್ಕನ ಮಗ ಅದನ್ನು ಚಿತ್ರವಾಗಿ ಹಾಕೋಣ ಅಂದ. ಹಾಗಾದರೆ ಅಮ್ಮನ ಕೈಬರಹವೇ ಆಗಲಿ ಅಂದೆ ನಾನು. ಅಮ್ಮ ಕ್ಯಾಲೆಂಡರಿನ ಹಿಂದೆ ಸ್ಕೆಚ್ ಪೆನ್ನಿನಲ್ಲಿ ಬರೆದರು. ಫೋಟೋ ತೆಗೆದು, ಬರೀ ಕಪ್ಪು ಬಿಳುಪು ಮಾಡಿ, ಚಿಕ್ಕದು ಮಾಡಿದೆವು. ವಾಚಿನ ಪರದೆ ಇರುವುದೇ 176 ಚುಕ್ಕೆ ಅಗಲ, 176 ಚುಕ್ಕೆ ಎತ್ತರ. ಚಿಕ್ಕದಾಗುವಾಗ ಸೊನ್ನೆಯ ಹೊಟ್ಟೆ ತುಂಬಿ ಒಂದು ಕಪ್ಪು ಬೊಟ್ಟಾಯಿತು. "ಸೊನ್ನೆ ದೊಡ್ಡದು ಮಾಡ್ತೇನೆ ಇರು" ಅಂತ ಅಮ್ಮ ಮತ್ತೆ ಬರೆದರು, ಈ ಸಲ ಸಪೂರದ ಪೆನ್ನಿನಲ್ಲಿ. ನಾಲ್ಕನೆಯ ಸಲಕ್ಕೆ ಸರಿಯಾಗಿ ಬಂತು. ಆ ರಾತ್ರಿ ಅಪ್ಪ ಕರೆದರು, ವಾಚಿನಲ್ಲಿ ಅಮ್ಮನ ಅಕ್ಷರ ಬಂತು. ಅಪ್ಪ ಅದನ್ನು ತುಂಬ ಹೊತ್ತು ನೋಡುತ್ತಾ ಇದ್ದರು ಅಂತ ಅಮ್ಮ ಮರುದಿನ ಹೇಳಿದರು.

ಇನ್ನೊಂದು ತೊಂದರೆಯನ್ನು ನಾವು ಸರಿ ಮಾಡಲಿಲ್ಲ, ಬೇಕೆಂದೇ ಬಿಟ್ಟೆವು. ಕೆಲವು ಸಲ ಅಪ್ಪ ಕರೆಯದೆಯೇ ಅಮ್ಮನ ವಾಚು ನಡುಗುತ್ತಿತ್ತು. ಕಾರಣ ಹುಡುಕಿದೆವು. ಎಡಗೈಯಲ್ಲಿ ಕಟ್ಟಿದರೆ ಬಟನ್ ಬೆರಳುಗಳ ಕಡೆಗೆ ಇರುತ್ತದೆ. ಹಾಸಿಗೆಗೆ ಕೈ ಊರಿ ಏಳಲು ಹೋದರೆ ಮಣಿಕಟ್ಟು ಹಿಂದಕ್ಕೆ ಬಾಗಿ ಬಟನ್ ಒತ್ತುತ್ತದೆ. ಬಲಗೈಗೆ ಕಟ್ಟಿದರೆ ಮುಗಿಯಿತು ಅಂದ ಅಕ್ಕನ ಮಗ. ಅಮ್ಮ ತಡೆದರು. "ಬೇಡ, ಹಾಗೇ ಇರಲಿ. ಇವರು ಯಾರಿಗೂ ಹೇಳದೆ ಒಬ್ಬರೇ ಏಳ್ಲಿಕ್ಕೆ ನೋಡ್ತಾರೆ ಅಂತ ಆಯ್ತಲ್ಲ." ಅಪ್ಪ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ತಾವೇ ಎಡಗೈ ಮುಂದೆ ಚಾಚಿದರು, ಕಟ್ಟು ಅಂತ.

ಹಾಸಿಗೆ ಹಿಡಿದವರನ್ನು ನೋಡಲು ತಿಂಗಳಿಗೊಮ್ಮೆ ಮನೆಗೆ ಬರುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಚೇಚಿಗೆ (ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ) ನಾವು ಎಷ್ಟು ಹೇಳಿದರೂ ಸಾಲದು. ಕರೆ ಬಂದ ಗಂಟೆ ಎಲ್ಲ ವಾಚಿನ ಫೈಲಿನಲ್ಲಿ ಬರೆದಿಡುವ ಹಾಗೆ ಮಾಡಿದ್ದೆವು. ಅವರು ಆ ಪಟ್ಟಿ ನೋಡಿ, ಹೆಚ್ಚಿನ ಕರೆ ಮೂರು ಗಂಟೆಯ ಹೊತ್ತಿಗೇ ಬರುತ್ತಿದೆ, ನೋವಿನ ಮಾತ್ರೆ ಕೊಡುವ ಹೊತ್ತನ್ನು ಡಾಕ್ಟರ ಹತ್ತಿರ ಕೇಳಿ ಅಂದರು. ಡಾಕ್ಟರು ಹೊತ್ತು ಬದಲಿಸಿದರು. ಮೂರು ಗಂಟೆಯ ಕರೆ ಕಡಿಮೆಯಾಯಿತು. ಅವರದ್ದು ಮಲಯಾಳ, ಅಮ್ಮನದ್ದು ಕನ್ನಡ. ಇಬ್ಬರೂ ಅರ್ಧ ಕೈಸನ್ನೆಯಲ್ಲೇ ಎಲ್ಲ ಮಾತಾಡಿ ಮುಗಿಸುತ್ತಿದ್ದರು.

ಅಮ್ಮನಿಗೆ ಧನ್ಯವಾದ ಹೇಳಿದರೆ ಸಿಟ್ಟು ಬರುತ್ತದೆ. ಆದರೂ ಇಲ್ಲಿ ಬರೆದಿಡುತ್ತೇನೆ. ಆ ಪಟ್ಟಿಯಲ್ಲಿ ಇರುವ ಒಂದೊಂದು ಗಂಟೆಯೂ ಅಮ್ಮ ನಿದ್ರೆ ಬಿಟ್ಟು ಎದ್ದ ಗಂಟೆ.

ಈಗ ಅಪ್ಪ ರಾತ್ರಿ ಕರೆಯುವುದಿಲ್ಲ, ವಾಚುಗಳು ಬೇಕಾಗಿಲ್ಲ. ನರ್ಸ್ ಚೇಚಿಗೆ ಗೊತ್ತಿರುವ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಒಬ್ಬರಿದ್ದಾರೆ. ನೋಡಿಕೊಳ್ಳುವ ಸೊಸೆಗೆ ಕಿವಿ ಕೇಳುವುದಿಲ್ಲ. ನಾಡಿದ್ದು ಎರಡೂ ವಾಚು ಅಲ್ಲಿಗೆ ಹೋಗುತ್ತವೆ. ಅವರ ಮನೆಮಾತು ಮಲಯಾಳ. ಸೊಸೆ ಒಂದು ಕಾಗದದಲ್ಲಿ ತಮ್ಮ ಕೈಯಿಂದಲೇ ಬರೆದು ಕಳಿಸಿದ್ದಾರೆ, "ಇದಾ ವರುನ್ನು" ಅಂತ. ಇಗೋ ಬಂದೆ ಅಂತ ಅರ್ಥ. ನಾನು ಇವತ್ತು ರಾತ್ರಿ ಕೂತು ಅದನ್ನು ಚಿತ್ರ ಮಾಡಿ ವಾಚಿಗೆ ಹಾಕಬೇಕು.