ಅದು ಬಿಡಾಡಿ ಕುದುರೆ ಅಲ್ಲ, ಯಾರೋ ಬಿಟ್ಟು ಹೋದ ಕುದುರೆ

ಮಾನ್ಯ ಸಂಪಾದಕರೇ,

ಬೈಪಾಸ್ ಕ್ರಾಸ್ ಅಪಘಾತದ ಸುದ್ದಿ ಗುರುವಾರದ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ‘ಬಿಡಾಡಿ ಕುದುರೆ ಅಡ್ಡ ಬಂದು ಹಾಲಿನ ವಾಹನ ಪಲ್ಟಿ’ ಅಂತ ತಲೆಬರಹ. ಚಾಲಕನ ಕೈಗೆ ಪೆಟ್ಟಾದದ್ದು, ಹಾಲು ಚೆಲ್ಲಿದ್ದು, ಒಂದು ಗಂಟೆ ರಸ್ತೆ ಬಂದ್ ಆದದ್ದು ಎಲ್ಲ ಇದೆ. ಕುದುರೆ ಏನಾಯಿತು ಅಂತ ಒಂದು ಸಾಲೂ ಇಲ್ಲ. ನಾನು ಹೇಳುತ್ತೇನೆ. ಅದು ಬಂದು ಬಿದ್ದದ್ದು ನಮ್ಮ ಮನೆ ಗೇಟಿನ ಮುಂದೆ.

ಆಗ ಬೆಳಗಿನ ಜಾವ ನಾಲ್ಕೂವರೆ. ಸದ್ದು ಕೇಳಿ ಹೊರಗೆ ಬಂದೆ. ಕಂದು ಬಣ್ಣದ ಹೆಣ್ಣು ಕುದುರೆ. ತೊಡೆ ಸೀಳಿ ರಕ್ತ ಸುರಿಯುತ್ತಿತ್ತು. ಏಳಲು ನೋಡುವುದು, ಮುಂಗಾಲು ಊರುವುದು, ಮತ್ತೆ ದೊಪ್ಪನೆ ಬೀಳುವುದು. ನಮ್ಮ ಅವ್ವ ನೀರಿನ ಬಕೆಟ್ ತಂದು ಮೂತಿಯ ಹತ್ತಿರ ಇಟ್ಟಳು. ಮಲಗಿದಲ್ಲಿಂದಲೇ ಕುಡಿಯಿತು. ಅಷ್ಟು ಬಾಯಾರಿತ್ತು.

ಅವತ್ತೇ ಅವ್ವನ ಕಣ್ಣಿನ ಆಪರೇಷನ್ ಆದ ಮೇಲಿನ ಮೊದಲ ತಪಾಸಣೆ ಇತ್ತು. ಹದಿನೈದು ದಿನ ಮೊದಲೇ ಚೀಟಿ ಮಾಡಿಸಿದ್ದೆವು. ಗೇಟಿಗೆ ಅಡ್ಡ ಕುದುರೆ ಬಿದ್ದಿರುವಾಗ ಸ್ಕೂಟಿ ತೆಗೆಯುವುದು ಹೇಗೆ? ತಪಾಸಣೆ ತಪ್ಪಿತು. ನಾನು ಅಂಗಡಿ ತೆಗೆದದ್ದು ಸಂಜೆ ನಾಲ್ಕಕ್ಕೆ. ಮಗನ ಶಾಲೆ ವ್ಯಾನ್ ನಮ್ಮ ಓಣಿಗೆ ಬರಲೇ ಇಲ್ಲ. ಇದೆಲ್ಲ ಹೋಗಲಿ ಬಿಡಿ, ಒಂದು ದಿನದ ತೊಂದರೆ. ನನ್ನ ಹೊಟ್ಟೆ ಉರಿಸಿದ್ದು ಬೇರೆ.

ಆರು ಗಂಟೆಯಿಂದ ಫೋನ್ ಹಚ್ಚಿದೆ. ಮೊದಲ ಕಚೇರಿಯವರು ಎರಡನೆಯ ಕಚೇರಿಗೆ ಕೇಳಿ ಅಂದರು. ಎರಡನೆಯವರು, ‘ಹಸು ಆಗಿದ್ದರೆ ಗೋಶಾಲೆಗೆ ಹೇಳಬಹುದಿತ್ತು, ಕುದುರೆಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ’ ಅಂದರು. ಮೂರನೆಯ ಕಡೆ ಫೋನೇ ಎತ್ತಲಿಲ್ಲ. ಎಂಟೂವರೆಗೆ ಕಸದ ಟ್ರ್ಯಾಕ್ಟರ್ ಬಂತು. ಬಂದ ಹುಡುಗ ಬಗ್ಗಿ ನೋಡಿದ. ‘ಸತ್ತಿದ್ರ ಒಯ್ತೀವಿ ಅಕ್ಕಾ, ಜೀವ ಇದ್ರ ನಮ್ಮ ಕೆಲಸ ಅಲ್ಲ’ ಅಂದ. ಆ ಹುಡುಗನದು ತಪ್ಪಿಲ್ಲ, ಅವನಿಗೆ ಹೇಳಿ ಕಳಿಸಿದ್ದೇ ಅಷ್ಟು. ಆದರೆ ಹಾಗೆ ಹೇಳಿ ಕಳಿಸಿದವರು ಯಾರು? ಸಾಯುವ ತನಕ ಕಾಯಿರಿ ಅಂತ ತಾನೇ ಇದರ ಅರ್ಥ?

ಕೊನೆಗೆ ಪಕ್ಕದ ಕಟ್ಟಡದ ಕೆಲಸಕ್ಕೆ ಬಂದಿದ್ದ ಜೆಸಿಬಿಯವರು ಹೊಟ್ಟೆಯ ಕೆಳಗೆ ಪಟ್ಟಿ ಹಾಕಿ ಎತ್ತಿ ನಿಲ್ಲಿಸಿದರು. ಆಗ ಮಧ್ಯಾಹ್ನ ಹನ್ನೆರಡು. ಖಾಸಗಿಯಾಗಿ ಕರೆಸಿದ ಡಾಕ್ಟರು ಹೊಲಿಗೆ ಹಾಕಿ, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟರು. ಪುಣ್ಯಕ್ಕೆ ಮೂಳೆ ಮುರಿದಿಲ್ಲ. ಈಗ ಅದು ನಮ್ಮ ಹಿತ್ತಲ ಬೇವಿನ ಮರಕ್ಕೆ ಕಟ್ಟಿದೆ.

ನಮ್ಮ ಅಪ್ಪ ಮೂವತ್ತು ವರ್ಷ ಟಾಂಗಾ ಹೊಡೆದವರು. ಹಾಗಾಗಿ ಕುದುರೆ ಮೈ ನೋಡಿದರೆ ನನಗೆ ಅಷ್ಟಿಷ್ಟು ತಿಳಿಯುತ್ತದೆ. ಇದರ ಮೂರು ಗೊರಸಿನಲ್ಲಿ ಸವೆದು ತಗಡಾದ ಲಾಳ ಇದೆ. ನಾಲ್ಕನೆಯದರಲ್ಲಿ ಲಾಳ ಬಿದ್ದು ಬರೀ ಮೊಳೆ ಉಳಿದಿದೆ. ಎದೆಯ ಎರಡೂ ಬದಿ ಪಟ್ಟಿ ಉಜ್ಜಿ ಗಾಯವಾಗಿ ಮಾಯ್ದ ಜಾಗದಲ್ಲಿ ಬಿಳಿ ಕೂದಲು ಬಂದಿದೆ. ಅಂದರೆ ವರ್ಷಗಟ್ಟಲೆ ಗಾಡಿ ಎಳೆದಿದೆ. ಲಾಳ ಹೊಡೆಸಿದವರು ಯಾರೋ ಇದ್ದಾರೆ, ದುಡಿಸಿಕೊಂಡವರು ಇದ್ದಾರೆ. ಕಾಲು ಸೋತ ಮೇಲೆ ರಾತ್ರಿ ಲಾರಿಯಲ್ಲಿ ತಂದು ಬೈಪಾಸಿನಲ್ಲಿ ಇಳಿಸಿ ಹೋಗಿದ್ದಾರೆ. ಇದಕ್ಕೆ ಬಿಡಾಡಿ ಅಂತ ಹೆಸರಿಟ್ಟರೆ ತಪ್ಪೆಲ್ಲ ಕುದುರೆಯದೇ ಆಯಿತು, ಅಲ್ವಾ?

ಇದೊಂದೇ ಅಲ್ಲ. ದೀಪಾವಳಿಯಿಂದ ಈಚೆಗೆ ಕ್ರಾಸಿನ ಹತ್ತಿರ ನಾನೇ ನಾಲ್ಕು ಕುದುರೆ ನೋಡಿದ್ದೇನೆ. ನಮ್ಮ ಸೀಮೆಯಲ್ಲಿ ಕುರಿ ಕಾಯುವವರು ಬಲೆ, ಪಾತ್ರೆ, ಎಳೆ ಮರಿ ಎಲ್ಲವನ್ನೂ ಕುದುರೆ ಮೇಲೆ ಹೇರಿಕೊಂಡು ಊರೂರು ಸುತ್ತುತ್ತಿದ್ದರು. ಈಗ ಅವರಲ್ಲೂ ಬಹಳ ಜನ ಟೆಂಪೋ ಮಾಡಿಕೊಂಡಿದ್ದಾರೆ. ಟಾಂಗಾ ಹೋಗಿ ಆಟೋ ಬಂತು. ಜಾತ್ರೆಯಲ್ಲಿ ಗಾಡಿ ಶರ್ಯತ್ತಿಗೆ ಓಡಿಸಿದ ಕುದುರೆ ಸೋತರೆ ಮರುದಿನ ಅದರ ಮುಖ ನೋಡುವವರಿಲ್ಲ. 2012ರ ಜಾನುವಾರು ಗಣತಿಗೂ 2019ರ ಗಣತಿಗೂ ನಡುವೆ ದೇಶದಲ್ಲಿ ಕುದುರೆಗಳ ಸಂಖ್ಯೆ ಸುಮಾರು 45 ಶೇಕಡಾ ಇಳಿದು 3.4 ಲಕ್ಷಕ್ಕೆ ಬಂತು. ಕೆಲಸ ಇಲ್ಲದ ಕುದುರೆ ಎಲ್ಲಿಗೆ ಹೋಗಬೇಕು ಅಂತ ಯಾರೂ ಯೋಚನೆ ಮಾಡಲಿಲ್ಲ. ಕುದುರೆ ಚೆನ್ನಾಗಿ ನೋಡಿಕೊಂಡರೆ 25 ವರ್ಷ ಬದುಕುತ್ತದೆ. ದುಡಿಮೆ ಮುಗಿದ ಮೇಲೂ ಅದಕ್ಕೆ ಹತ್ತು ವರ್ಷ ಹೊಟ್ಟೆ ಇರುತ್ತದೆ.

ಕುದುರೆಯೂ ಹಸುವಿನ ಹಾಗೆ ಬೀದಿಯಲ್ಲಿ ಮೇಯ್ದುಕೊಂಡಿರಲಿ ಅನ್ನುತ್ತಾರೆ ಕೆಲವರು. ಕುದುರೆ ಮೆಲುಕು ಹಾಕುವ ಪ್ರಾಣಿ ಅಲ್ಲ. ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಮದುವೆ ಛತ್ರದ ಹಿಂದೆ ಬಿಸಾಡಿದ ಹಳಸಿದ ಅನ್ನ ತಿಂದರೆ ಹೊಟ್ಟೆ ಶೂಲೆ ಬಂದು ನೆಲಕ್ಕೆ ಬಿದ್ದು ಹೊರಳಾಡಿ ಸಾಯುತ್ತದೆ. ಹೋದ ತಿಂಗಳು ಕೆರೆ ಏರಿ ಪಕ್ಕದಲ್ಲಿ ಒಂದು ಹಾಗೇ ಸತ್ತಿತು. ಇನ್ನು ಗ್ಲ್ಯಾಂಡರ್ಸ್ ರೋಗ ಕುದುರೆಯಿಂದ ಮನುಷ್ಯರಿಗೂ ಬರುತ್ತದೆ. ನಾಯಿ ಹಿಡಿಯಲು ಬರುವವರು ಇರುವಾಗ ಒಂದು ಕುದುರೆಯ ರಕ್ತ ತೆಗೆದು ಪರೀಕ್ಷೆಗೆ ಕಳಿಸಲು ಯಾರೂ ಇಲ್ಲವೇ?

ಕಾನೂನು ಇಲ್ಲ ಅಂತಲೂ ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು ಅಪರಾಧ. ದಂಡ ಎಷ್ಟು ಗೊತ್ತೇ? ಮೊದಲ ಸಲಕ್ಕೆ ಹತ್ತರಿಂದ ಐವತ್ತು ರೂಪಾಯಿ! ಒಂದು ದಿನದ ಹುರುಳಿಗೂ ಸಾಲದು. 1871ರ ಬ್ರಿಟಿಷರ ಕಾಯ್ದೆ ದನದ ದೊಡ್ಡಿಗೆ ಹಾಕುವ ಪ್ರಾಣಿಗಳನ್ನು ಲೆಕ್ಕ ಮಾಡುವಾಗ ಕುದುರೆ, ಕತ್ತೆ, ಒಂಟೆ, ಆನೆಯನ್ನೂ ಸೇರಿಸಿತ್ತು. ಅವರಿಗೆ ಹೊಳೆದದ್ದು ನಮ್ಮವರಿಗೆ ಹೊಳೆಯುವುದಿಲ್ಲ. ನಮ್ಮ ಊರಲ್ಲೂ ದೊಡ್ಡಿ ಇತ್ತು. ಅಪ್ಪನ ಕುದುರೆ ಒಮ್ಮೆ ಹಗ್ಗ ಹರಿದುಕೊಂಡು ಹೋದಾಗ ಅಲ್ಲಿಂದಲೇ ದಂಡ ಕಟ್ಟಿ ಬಿಡಿಸಿಕೊಂಡು ಬಂದಿದ್ದೆವು. ಆ ಜಾಗದಲ್ಲಿ ಈಗ ವಾಣಿಜ್ಯ ಮಳಿಗೆ. ಅದರಲ್ಲೂ ಅರ್ಧ ಬಾಗಿಲು ಹಾಕಿವೆ.

ಕ್ರಾಸಿನ ದೊಡ್ಡ ದೀಪ ಹೋಗಿ ಏಳು ತಿಂಗಳಾಯಿತು. ದೀಪ ಇದ್ದಿದ್ದರೆ ಚಾಲಕನಿಗೆ ಕುದುರೆ ಕಾಣುತ್ತಿತ್ತು. ಮೂರು ಸಲ ಅರ್ಜಿ ಕೊಟ್ಟೆವು, ‘ಟೆಂಡರ್ ಆಗಿದೆ’ ಅನ್ನುವುದೊಂದೇ ಉತ್ತರ. ಚರಂಡಿ ಮೇಲಿನ ಕಲ್ಲು ಮುರಿದು ಅಜ್ಜಿಯೊಬ್ಬರು ಕಾಲು ಮುರಿದುಕೊಂಡಾಗಲೂ ಹೀಗೆಯೇ. ಮನೆ ಕರದ ನೋಟಿಸು ಮಾತ್ರ ಏಪ್ರಿಲ್‌ಗೆ ಸರಿಯಾಗಿ ಬರುತ್ತದೆ.

ಈ ಕುದುರೆಗೆ ಮನೆ ಹುಡುಕಲು ನಾನೂ ಓಡಾಡಿದೆ. ಬ್ಯಾಂಡಿನವರನ್ನು ಕೇಳಿದೆ, ಮದುವೆ ಮೆರವಣಿಗೆಗೆ ಬಿಳಿ ಕುದುರೆಯೇ ಬೇಕಂತೆ. ಊರ ಹೊರಗೆ ತೋಟ ಇರುವ ಒಬ್ಬರು ಫೋಟೋ ಕಳಿಸಿ ಅಂದರು. ಕಳಿಸಿದೆ. ‘ಸವಾರಿಗೆ ಆಗುತ್ತಾ?’ ಅಂತ ಕೇಳಿದರು. ಆಗುವುದಿಲ್ಲ ಅಂದೆ. ಆಮೇಲೆ ಫೋನೇ ಇಲ್ಲ. ಗೋಶಾಲೆಯವರು ಪಾಪ, ತಮ್ಮಲ್ಲಿ ಹಸುಗಳಿಗೇ ಮೇವು ಸಾಲುತ್ತಿಲ್ಲ ಅಂದರು. ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದಲೂ ಕುದುರೆ ಫಾರಂ ಇದೆ, ಅದು ಓಡುವ ಕುದುರೆಗಳಿಗೆ. ನಿಂತ ಕುದುರೆಗೆ ಈ ಜಿಲ್ಲೆಯಲ್ಲಿ ಎರಡು ಗುಂಟೆ ಜಾಗ ಸಿಗುವುದಿಲ್ಲವೇ? ದಿನಕ್ಕೆ ಎಂಟು ಕೆಜಿ ಮೇವು, ಎರಡು ಬಕೆಟ್ ಹುರುಳಿ ನೀರು. ನಾನು ಎಷ್ಟು ದಿನ ಹಾಕಲಿ? ಹಾಗಂತ ಬೀದಿಗೂ ಬಿಡಲಾರೆ. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದ ಸದ್ದಿಗೇ ಅದು ಮೂಗು ಬುಸುಗುಟ್ಟಿಸಿ ಕರೆಯುತ್ತದೆ.

ಅಧಿಕಾರಿಗಳು ಬಿಟ್ಟು ಹೋದವರನ್ನು ಹಿಡಿದು ಸರಿಯಾಗಿ ದಂಡ ಹಾಕಲಿ. ಇಲ್ಲದಿದ್ದರೆ ದೊಡ್ಡಿ ಮತ್ತೆ ತೆರೆಯಲಿ, ಸಾಕುವ ಮನಸ್ಸಿದ್ದವರ ಪಟ್ಟಿ ಮಾಡಿ ಮೇವಿನ ಖರ್ಚಾದರೂ ಕೊಡಲಿ. ಕ್ರಾಸಿನ ದೀಪವನ್ನೂ ಹಾಕಿಸಲಿ. ಏನಾದರೂ ಒಂದು ಮಾಡಲಿ. ಇದುವರೆಗೆ ಒಬ್ಬ ಅಧಿಕಾರಿಯೂ ನಮ್ಮ ಹಿತ್ತಲಿಗೆ ಬಂದು ಕುದುರೆ ನೋಡಿಲ್ಲ. ನಾಚಿಕೆ ಆಗಬೇಕು ಇವರಿಗೆ.

– ನೊಂದ ನಿವಾಸಿ, ಬೈಪಾಸ್ ಕ್ರಾಸ್