ನೇತ್ರಾಣಿಗೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಭಾನುವಾರ ನೇತ್ರಾಣಿ ದ್ವೀಪದಲ್ಲಿ ಎರಡು ಸ್ಕೂಬಾ ಡೈವ್, ಅಲ್ಲಿಂದ ಉಡುಪಿಗೆ ಬಂದು ರಾತ್ರಿಯೇ ಬೆಂಗಳೂರಿನ ಬಸ್ಸು ಎಂದು ಬರೆದಿದ್ದೀಯ. ಬಸ್ಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಕಿವಿ.

ಹತ್ತು ಮೀಟರ್ ಇಳಿದರೆ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ಆದರೆ ಕಿವಿ ಹೆಚ್ಚಾಗಿ ಕಾಡುವುದು ಮೊದಲ ಮೂರ್ನಾಲ್ಕು ಮೀಟರಿನಲ್ಲೇ. ನೋವು ಬರಲಿ ಎಂದು ಕಾಯಬೇಡ. ದೋಣಿಯ ಪಕ್ಕ ತೇಲುತ್ತಿರುವಾಗಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತು, ಎರಡೂ ಕಿವಿ ‘ಟಪ್’ ಅನ್ನಬೇಕು. ಆಮೇಲೆ ಅರ್ಧ ಅರ್ಧ ಮೀಟರಿಗೊಮ್ಮೆ ಹಾಗೇ ಮಾಡುತ್ತಾ ಹೋಗು. ಹಗ್ಗ ಹಿಡಿದು, ಕಾಲು ಕೆಳಗಾಗಿ ಇಳಿ. ತಲೆ ಕೆಳಗಾದರೆ ಕಿವಿ ಬಿಡುವುದು ಕಷ್ಟ. ‘ಟಪ್’ ಅನ್ನಲಿಲ್ಲವೋ, ಒಂದು ಮೀಟರ್ ಮೇಲೆ ಬಾ, ಉಗುಳು ನುಂಗು, ಮತ್ತೆ ನೋಡು. ಜೋರಾಗಿ ಊದಬೇಡ ಮಾರಾಯ್ತಿ, ಒಳಕಿವಿಗೇ ಪೆಟ್ಟಾಗುತ್ತದೆ. ಮೂಗು ಕಟ್ಟಿದ್ದರೆ ಆ ದಿನ ಇಳಿಯಲೇಬೇಡ. ಮಾತ್ರೆ ನುಂಗಿ ಇಳಿದರೆ ಅದರ ಪರಿಣಾಮ ನೀರಿನೊಳಗೇ ಮುಗಿದೀತು. ಆಗ ಏರುವಾಗ ಗಾಳಿ ಒಳಗೇ ಸಿಕ್ಕಿಕೊಂಡು ಇನ್ನೂ ಕಷ್ಟ.

ಇಳಿಯುವಾಗ ಮೂಗಿನಿಂದ ಆಗಾಗ ಸ್ವಲ್ಪ ಗಾಳಿ ಮಾಸ್ಕಿನೊಳಗೆ ಬಿಡು. ಇಲ್ಲದಿದ್ದರೆ ಮಾಸ್ಕ್ ಮುಖವನ್ನು ಹೀರಿ ಕಣ್ಣಿನ ಬಿಳಿಭಾಗ ಕೆಂಪಾಗುತ್ತದೆ. ಒಂದೇ ಒಂದು ಕೂದಲೆಳೆ ರಬ್ಬರಿನಡಿ ಸಿಕ್ಕರೂ ನೀರು ಒಸರುತ್ತದೆ, ಜಡೆ ಬಿಗಿಯಾಗಿ ಹೆಣೆದುಕೋ.

ದೋಣಿಯಲ್ಲೇ ರೆಗ್ಯುಲೇಟರಿನಿಂದ, ಅಂದರೆ ಬಾಯಿಗಿಡುವ ಉಸಿರಿನ ಸಾಧನದಿಂದ, ನಾಲ್ಕು ಸಲ ಉಸಿರೆಳೆದು ಸಿಲಿಂಡರಿನ ಒತ್ತಡ ತೋರಿಸುವ ಗೇಜ್ ನೋಡು. ಮುಳ್ಳು 200 ಬಾರ್ ಆಸುಪಾಸಿನಲ್ಲಿ ಅಲುಗದೆ ನಿಲ್ಲಬೇಕು. ಉಸಿರೆಳೆದಾಗ ಕುಸಿದು ಮತ್ತೆ ಏರಿದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಮೇಲೆ ಉಸಿರಾಟ ಸರಿಯಾಗಿಯೇ ಇರುತ್ತದೆ, ಕೆಳಗೆ ಹೋದ ಮೇಲೆ ಗಾಳಿ ಸಾಲದು. 100 ಬಾರ್ ಆದಾಗ ಜೊತೆಯವರಿಗೆ ಸನ್ನೆ ಮಾಡು, ಮೇಲೆ ಬರುವಾಗ 50 ಉಳಿದಿರಲಿ.

ಉಸಿರು ಮಾತ್ರ ಎಂದೂ ಕಟ್ಟಬೇಡ. ಹತ್ತು ಮೀಟರಿನಲ್ಲಿ ಶ್ವಾಸಕೋಶ ತುಂಬಿದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು ಜಾಗ ಕೇಳುತ್ತದೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬೇಡ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲು.

ಬಂಡೆಯ ಬಿರುಕಿನಲ್ಲಿ ಹಾವಿನಂಥ ಮೋರೆ ಈಲ್ ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರೆ ಹೆದರಬೇಡ, ಅದು ಉಸಿರಾಡುವುದೇ ಹಾಗೆ. ಕೈಯನ್ನು ಮಾತ್ರ ಯಾವ ಬಿರುಕಿಗೂ ಹಾಕಬೇಡ. ಕಡಲಾಮೆ ಕಂಡರೆ ಅದರ ನೆತ್ತಿಯ ಮೇಲೆ ಹೋಗಬೇಡ, ಪಕ್ಕದಲ್ಲಿರು. ಉಸಿರಿಗಾಗಿ ಅದು ಮೇಲೆ ಹೋಗಲೇಬೇಕು, ಆ ದಾರಿ ತೆರೆದಿರಲಿ. ಗೂಡು ಕಾಯುವ ಟ್ರಿಗರ್‌ಫಿಶ್ ಮೈಮೇಲೆ ಬಂದರೆ ಮೇಲಕ್ಕೆ ಓಡಬೇಡ, ಅದರ ಸರಹದ್ದು ಮೇಲೆ ಹೋದಷ್ಟೂ ಅಗಲ. ಅಡ್ಡಕ್ಕೆ ಈಜು. ಲಯನ್‌ಫಿಶ್‌ನ ಬೆನ್ನಿನ ಮುಳ್ಳಿನಲ್ಲೂ ತೊರಕೆ ಮೀನಿನ ಬಾಲದ ಮುಳ್ಳಿನಲ್ಲೂ ವಿಷವಿದೆ. ಚುಚ್ಚಿದರೆ 45 ಡಿಗ್ರಿ ಮೀರದ ಬಿಸಿನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು, ಶಾಖಕ್ಕೆ ಆ ವಿಷ ಕೆಡುತ್ತದೆ. ನೀರಿನ ಬಿಸಿಯನ್ನು ಮೊದಲು ಗಾಯವಿಲ್ಲದ ಕೈಯಿಂದ ನೋಡು. ಬಿಸಿನೀರಿನ ಫ್ಲಾಸ್ಕ್ ದೋಣಿಗೆ ಒಯ್ಯಿ, ಆಮೇಲೆ ಆಸ್ಪತ್ರೆಗೂ ಹೋಗಲೇಬೇಕು.

ಹವಳದ ಚೂರೂ ಹೆಕ್ಕಿ ತರಬೇಡ. ಅದಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಇನ್ನು ಬಸ್ಸು. ನೀರಿನೊಳಗೆ ರಕ್ತಕ್ಕೆ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಬೀಳಬೇಕು, ಅದಕ್ಕೆ ಮೊದಲೇ ಸುತ್ತಲಿನ ಒತ್ತಡ ಇಳಿದರೆ ಮೈಯೊಳಗೇ ಗುಳ್ಳೆಯಾಗಿ ಕಾಡುತ್ತದೆ. ವಿಮಾನ ಹತ್ತುವವರು ಮಾತ್ರ ಕಾಯಬೇಕೆಂದು ತಿಳಿದವರೇ ಹೆಚ್ಚು. ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿದರೂ ಗಾಳಿಯ ಒತ್ತಡ ಇಳಿಯುತ್ತದೆ, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಒಂದೇ ಡೈವ್ ಆಗಿದ್ದರೆ ವಿಮಾನಕ್ಕೆ 12 ಗಂಟೆ ಸಾಕು ಅನ್ನುತ್ತಾರೆ. ನಿನ್ನದು ಎರಡು, 18 ಗಂಟೆ ಬೇಕು. ಘಾಟಿಗೂ ಅದೇ ಲೆಕ್ಕ ಇಟ್ಟುಕೋ. ಟಿಕೆಟ್ಟನ್ನು ಸೋಮವಾರ ರಾತ್ರಿಗೆ ಬದಲಿಸಿ ಆಫೀಸಿಗೆ ಒಂದು ರಜೆ ಹಾಕು. ಮನೆಯಲ್ಲಿರುವಾಗ ಗಂಟು ನೋವು, ಜುಮ್ಮೆನ್ನುವುದು, ವಿಪರೀತ ಸುಸ್ತು, ಇವುಗಳಲ್ಲಿ ಒಂದು ಕಂಡರೂ ‘ಈಜಿದ್ದಕ್ಕೆ’ ಎನ್ನಬೇಡ, ತಕ್ಷಣ ನನಗೆ ಹೇಳು. ಆಸ್ಪತ್ರೆಗೆ ಹೋಗಿ ಡೈವ್ ಮಾಡಿದ್ದನ್ನು ಮೊದಲೇ ತಿಳಿಸಿ ಆಕ್ಸಿಜನ್ ಹಾಕಿಸೋಣ.

ನಿನ್ನ ಅಮ್ಮ,
ಮಲ್ಪೆ